ನೀರು ತರುವ ಸವಾರ

ಅಲೆವೂರಿನ ವಿಶಾಲನ ಆ ದಿನದ ಕಷ್ಟಗಳಿಗೆಲ್ಲ ಮೂಲ ಒಂದು ಫ್ಲೆಕ್ಸು.

ಭಾನುವಾರ ಬೆಳಿಗ್ಗೆ ಕಾರ್ಕಳದಲ್ಲಿ ರೇಸು ಹೊರಡುವ ಜಾಗದಲ್ಲಿ ನಿಂತು ಅವನು ಸೈಕಲ್ಲಿನ ಟಯರು ಒತ್ತಿ ನೋಡುತ್ತಿದ್ದ. ಅಷ್ಟರಲ್ಲಿ ಪಕ್ಕದ ಮನೆಯ ದೇಜಪ್ಪಣ್ಣ ತಮ್ಮ ಮೀನಿನ ಟೆಂಪೋವನ್ನು ಜನರ ನಡುವೆಯೇ ನುಗ್ಗಿಸಿ ತಂದು ನಿಲ್ಲಿಸಿದರು. ದೇಜಪ್ಪಣ್ಣ ಅಲೆವೂರಿನ ಯುವಕ ಸಂಘದ ಅಧ್ಯಕ್ಷರು. ಯುವಕರಾಗಿದ್ದಾಗ ಆದವರು, ಆಮೇಲೆ ಇಳಿಯಲು ಮರೆತಿದ್ದರು.

"ಇಲ್ಲಿ ನೋಡು ಮಾರಾಯ, ಹೇಗುಂಟು?" ಎನ್ನುತ್ತಾ ಟೆಂಪೋದ ಹಿಂದಿನಿಂದ ಫ್ಲೆಕ್ಸನ್ನು ಬಿಡಿಸಿದರು.

'ಕಾರ್ಕಳ–ಕಾಪು ಸೈಕಲ್ ರೇಸಿನಲ್ಲಿ ಪ್ರಥಮ ಸ್ಥಾನ ಗಳಿಸಿ ಊರಿಗೆ ಕೀರ್ತಿ ತಂದ ನಮ್ಮ ಹೆಮ್ಮೆಯ ಪ್ರತಿಭೆಗೆ ಹಾರ್ದಿಕ ಅಭಿನಂದನೆಗಳು' ಎಂದಿತ್ತು. ನಡುವೆ ವಿಶಾಲನ ಮುಖ. ಸುತ್ತಲೂ ಸಂಘದ ಪದಾಧಿಕಾರಿಗಳ ಮುಖಗಳು, ಎಲ್ಲವೂ ವಿಶಾಲನ ಮುಖಕ್ಕಿಂತ ಸ್ವಲ್ಪ ದೊಡ್ಡವು.

"ದೇಜಪ್ಪಣ್ಣ, ರೇಸು ಇನ್ನೂ ಶುರುವೇ ಆಗಲಿಲ್ಲ!"

"ಮುಗಿದ ಮೇಲೆ ಮಾಡಿಸಲಿಕ್ಕೆ ಇವತ್ತು ಭಾನುವಾರ, ಫ್ಲೆಕ್ಸಿನವನಿಗೆ ರಜೆ. ಈಗ ನಮ್ಮ ಕಡೆಯಿಂದ ಎಲ್ಲಾ ತಯಾರಿ ಆಯಿತು. ನೀನು ಗೆಲ್ಲುವುದು ಒಂದು ಬಾಕಿ."

ವಿಶಾಲ ಅವಸರವಾಗಿ ಫ್ಲೆಕ್ಸನ್ನು ಸುತ್ತಿಡತೊಡಗಿದ. ಯಾಕೆಂದರೆ ಅವನಿಗೆ ಸಂಬಳ ಸಿಗುತ್ತಿದ್ದುದೇ ಗೆಲ್ಲದೆ ಇರುವುದಕ್ಕೆ.

ಇದನ್ನು ಸ್ವಲ್ಪ ವಿವರಿಸಬೇಕು. ವಿಶಾಲ ಸಂಬಳಕ್ಕೆ ಸೈಕಲ್ ತುಳಿಯುವವನು. ಇಂಥ ತಂಡಗಳಲ್ಲಿ ಗೆಲ್ಲಬೇಕಾದವನು ಕ್ಯಾಪ್ಟನ್ ಒಬ್ಬನೇ. ಮಿಕ್ಕವರೆಲ್ಲ ಅವನ ಸೇವೆಗೆ. ಅವನಿಗೆ ಗಾಳಿ ತಾಗದ ಹಾಗೆ ಮುಂದೆ ತುಳಿಯಬೇಕು, ಬಾಯಾರಿದರೆ ಹಿಂದೆ ಬರುವ ತಂಡದ ಕಾರಿನಿಂದ ನೀರು ತಂದು ಕೊಡಬೇಕು, ಅವನ ಸೈಕಲ್ ಕೈಕೊಟ್ಟರೆ ತನ್ನದನ್ನೇ ಕೊಟ್ಟು ತಾನು ರಸ್ತೆ ಬದಿಯಲ್ಲಿ ನಿಲ್ಲಬೇಕು. ಈ ಕೆಲಸದಲ್ಲಿ ವಿಶಾಲ ಬಹಳ ಗಟ್ಟಿಗ. ಹಾಗಾಗಿಯೇ ಈವರೆಗೆ ಒಂದು ರೇಸನ್ನೂ ಗೆದ್ದಿರಲಿಲ್ಲ.

ಅಲೆವೂರಿನವರಿಗೆ ಇದು ಬಗೆಹರಿಯದ ಒಗಟು. "ಎಷ್ಟನೆಯವನಾಗಿ ಬಂದೆ?" ಎಂದು ಕೇಳುವರು. "ಎಪ್ಪತ್ತನೆಯವನು, ಒಳ್ಳೆಯ ರೇಸು" ಎಂದು ಇವನು ಸಂತೋಷದಿಂದ ಹೇಳಿದರೆ ಕೇಳಿದವರು ಪಾಪ ಎಂದುಕೊಂಡು ಮಾತು ಬದಲಿಸುವರು. ಅವನನ್ನು ಸಾಕಿದ ದೊಡ್ಡಮ್ಮ ನಳಿನಾಕ್ಷಿಯಂತೂ ಹಿಂದಿನ ದಿನವಷ್ಟೇ ಗಂಜಿ ಬಡಿಸುತ್ತಾ ಕೇಳಿದ್ದರು: "ನೀರು ತಂದು ಕೊಡುವುದೂ ಒಂದು ಕೆಲಸವಾ ಮಗಾ? ನಮ್ಮ ಮದುವೆ ಮನೆಗಳಲ್ಲಿ ಅದನ್ನು ಸಣ್ಣ ಮಕ್ಕಳು ಮಾಡುತ್ತಾರೆ."

ಆ ಕೆಲಸವೂ ಈಗ ತೂಗುಯ್ಯಾಲೆಯಲ್ಲಿತ್ತು. ತಂಡದ ಮ್ಯಾನೇಜರ್ ಜೆರ್ಟ್ರೂಡ್ ಮೇಡಂ ಬೆಳಿಗ್ಗೆಯೇ ಎಲ್ಲರನ್ನೂ ಕರೆದು ಹೇಳಿದ್ದರು. "ಬರುವ ವರ್ಷಕ್ಕೆ ನನ್ನ ಕೈಯಲ್ಲಿ ಒಂದೇ ಜಾಗ ಉಂಟು. ಇವತ್ತು ಸ್ಟೀವನ್ ಗೆಲ್ಲಬೇಕು. ಅವನನ್ನು ಯಾರು ಗೆಲ್ಲಿಸುತ್ತಾರೋ ಅವರಿಗೆ ಆ ಜಾಗ. ನಾನು ಮಾತಿಗೆ ತಪ್ಪುವುದಿಲ್ಲ."

ಸ್ಟೀವನ್ ಎಂದರೆ ಕ್ಯಾಪ್ಟನ್. ಶಿರ್ವದವನು, ಆನೆಯ ಬಲ ಇದ್ದವನು. ಆದರೆ ಗುರಿ ಹತ್ತಿರ ಬರುತ್ತಿದ್ದಂತೆ ಅವನ ಕಾಲಿನ ಸ್ನಾಯು ಸೆಳೆದು ಗಂಟು ಕಟ್ಟುತ್ತಿತ್ತು. ಆ ವರ್ಷದ ರೇಸುಗಳೆಲ್ಲ ಹಾಗೆಯೇ ಕೈತಪ್ಪಿದ್ದವು. ಎಷ್ಟೋ ಡಾಕ್ಟರುಗಳು, ಎಷ್ಟೋ ಬಣ್ಣದ ಪುಡಿಗಳು, ಯಾವುದೂ ನಾಟಿರಲಿಲ್ಲ.

ಈ ಕತೆಯನ್ನೆಲ್ಲ ವಿಶಾಲ ಅವಸರದಲ್ಲಿ ಹೇಳಿದ. ದೇಜಪ್ಪಣ್ಣ ಮನಸ್ಸಿಟ್ಟು ಕೇಳಿ, ಅವನ ಬೆನ್ನು ತಟ್ಟಿದರು.

"ಅರ್ಥವಾಯಿತು. ನಿನ್ನನ್ನು ಯಾರೋ ತುಳಿಯುತ್ತಿದ್ದಾರೆ. ಹೆದರಬೇಡ, ಊರು ನಿನ್ನ ಹಿಂದೆ ಉಂಟು."

ಊರು ಹಿಂದೆ ಮಾತ್ರವಲ್ಲ, ಎದುರಿಗೂ ಇತ್ತು. ಪರ್ಕಳದ ಏರು ಹತ್ತಿ, ಮಣಿಪಾಲ ದಾಟಿ, ಮುಂಚೂಣಿಯ ಗುಂಪು ಅಲೆವೂರಿಗೆ ಇಳಿದಾಗ ರಸ್ತೆಯ ಎರಡೂ ಬದಿಯಲ್ಲಿ ಜನ. ಸ್ಟೀವನ್ನನಿಗೆ ಗಾಳಿ ತಾಗಬಾರದೆಂದು ವಿಶಾಲ ಎಲ್ಲರಿಗಿಂತ ಮುಂದೆ ತುಳಿಯುತ್ತಿದ್ದ. ಅವನೇ ಮೊದಲಿಗನೆಂದು ಊರು ಕುಣಿಯಿತು, ಮಾಲೆಪಟಾಕಿ ಸಿಡಿಯಿತು. ಆಗಲೇ ಸ್ಟೀವನ್ ಹಿಂದಿನಿಂದ ಕೂಗಿದ.

"ನೀರು ಮುಗಿಯಿತು ಮಾರಾಯ. ಬೇಗ ತಾ, ಕಾಲು ಈಗಲೇ ಹಿಡಿಯುವ ಹಾಗೆ ಆಗುತ್ತಾ ಉಂಟು."

ವಿಶಾಲ ನಿಧಾನಿಸಿದ. ಗುಂಪು ಮುಂದೆ ಹೋಯಿತು. ಹಿಂದೆಯೇ ಬರಬೇಕಾದ ತಂಡದ ಕಾರು ಮಾತ್ರ ಬರಲಿಲ್ಲ. ಬೇರೆ ದಾರಿ ಕಾಣದೆ ಸೈಕಲ್ ತಿರುಗಿಸಿ ಬಂದ ದಾರಿಯಲ್ಲೇ ವಾಪಸು ಹೊರಟ. ಊರು ದಂಗಾಯಿತು.

"ಆ ಕಡೆ ಅಲ್ಲ ಮಾರಾಯ, ಕಾಪು ಈ ಕಡೆ!" ಎಂದು ಒಬ್ಬರು ಹ್ಯಾಂಡಲ್ ಹಿಡಿದು ತಿರುಗಿಸಿಯೇ ಬಿಟ್ಟರು. "ತಲೆಗೆ ಬಿಸಿಲು ಹತ್ತಿದೆ" ಎಂದು ಇನ್ನೊಬ್ಬರು ಅವನ ತಲೆಗೆ ನೀರು ಸುರಿದರು. ಕುಡಿಯುವ ನೀರು ತರಲು ಹೊರಟವನು ಹೀಗೆ ಸ್ನಾನ ಮಾಡಿಕೊಂಡು ತನ್ನ ಮನೆಯ ಎದುರು ತಲುಪಿದ.

ಅಲ್ಲಿ ತಂಡದ ಕಾರು ನಿಂತಿತ್ತು. ಕಾರಿನ ಮುಂದೆ ರಸ್ತೆಗೆ ಅಡ್ಡವಾಗಿ ದೊಡ್ಡಮ್ಮನ ಬೆಂಚು. ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಒಂದು ಕೈಯಲ್ಲಿ ಪುನರ್ಪುಳಿ ಹಣ್ಣಿನ ಶರಬತ್ತಿನ ಲೋಟ, ಇನ್ನೊಂದು ಕೈಯಲ್ಲಿ ಗೋಳಿಬಜೆ ಹಿಡಿದು ಜೆರ್ಟ್ರೂಡ್ ಮೇಡಂ.

"ಎಂತ ಮಾಡುವುದು ವಿಶಾಲ್, ಬಿಡುವುದೇ ಇಲ್ಲ ಇವರು" ಎಂದರು ಮೇಡಂ ದೀನವಾಗಿ.

"ನಿನಗೆ ಸಂಬಳ ಕೊಡುವವರು ನಮ್ಮ ಮನೆ ಎದುರಿನಿಂದ ಒಂದು ಲೋಟ ನೀರೂ ಕುಡಿಯದೆ ಹೋಗುವುದುಂಟಾ?" ಎಂದು ದೊಡ್ಡಮ್ಮ ಒಳಗಿನಿಂದಲೇ ಕೂಗಿದರು.

"ದೊಡ್ಡಮ್ಮ, ಬಾಟಲಿ! ಕ್ಯಾಪ್ಟನ್ನಿಗೆ ನೀರು!"

"ಆ ಪೆಟ್ಟಿಗೆಯ ನೀರಾ? ಮುಟ್ಟಿದರೆ ಪ್ಲಾಸ್ಟಿಕ್ ವಾಸನೆ. ಎಲ್ಲಾ ತೆಂಗಿನ ಬುಡಕ್ಕೆ ಚೆಲ್ಲಿದೆ. ಶರಬತ್ತು ತುಂಬಿಸಿ ಕೊಡುತ್ತೇನೆ, ನಿಲ್ಲು."

ನಿಲ್ಲದೆ ಉಪಾಯವಿರಲಿಲ್ಲ. ಅಡುಗೆಮನೆಯಲ್ಲಿ ಸ್ಟೀಲಿನ ತಪಲೆಗಳು ತಟ್ಟೆ ಮುಚ್ಚಿಕೊಂಡು ಸಾಲಾಗಿ ಕೂತಿದ್ದವು. ಕನ್ನಡಕ ಹುಡುಕಲು ಪುರುಸೊತ್ತಿಲ್ಲದೆ ದೊಡ್ಡಮ್ಮ ಕೈಗೆ ಸಿಕ್ಕಿದ ತಪಲೆಯನ್ನು ಎತ್ತಿ ಬಗ್ಗಿಸಿದರು. ವಿಶಾಲ ಬಾಟಲಿಗಳನ್ನು ಅಂಗಿಯ ಹಿಂದೆ ಮುಂದೆ ತುರುಕಿಕೊಂಡು, ಮಟ್ಟುಗುಳ್ಳ ಬದನೆ ತುಂಬಿದ ಗೋಣಿಯ ಹಾಗೆ ಉಬ್ಬಿಕೊಂಡು, ಮತ್ತೆ ಹೊರಟ.

ಕಟಪಾಡಿ ದಾಟಿದ ಮೇಲೆ ಗುಂಪು ಸಿಕ್ಕಿತು. ಮಟ್ಟುವಿನ ಸೇತುವೆಯ ಹತ್ತಿರ ಸ್ಟೀವನ್ ಗುಂಪಿನ ಬಾಲದಲ್ಲಿ ಕುಂಟುತ್ತಾ ತುಳಿಯುತ್ತಿದ್ದ. ವಿಶಾಲನಿಗೂ ಗಂಟಲು ಒಣಗಿತ್ತು. ಆದರೆ ಮೊದಲು ಕ್ಯಾಪ್ಟನ್, ಆಮೇಲೆ ತಾನು ಎಂಬುದು ಅವನ ಕಸುಬಿನ ನೇಮ. ಒಂದು ಬಾಟಲಿ ಚಾಚಿದ.

ಸ್ಟೀವನ್ ಅರ್ಧ ಬಾಟಲಿಯನ್ನು ಒಂದೇ ಉಸಿರಿಗೆ ಇಳಿಸಿದ. ಮರುಕ್ಷಣ ಅವನ ಮುಖ ಕೆಂಡಕ್ಕೆ ಬಿದ್ದ ಹಪ್ಪಳದ ಹಾಗೆ ಮುದುಡಿತು.

"ಎಂತ ವಿಷ ಇದು?"

"ಪುನರ್ಪುಳಿ ಶರಬತ್ತು. ದೊಡ್ಡಮ್ಮ ಮಾಡಿದ್ದು."

"ನಾನು ಹುಟ್ಟಿದಾಗಿನಿಂದ ಪುನರ್ಪುಳಿ ಕುಡಿದವನು. ಇದು ಪುನರ್ಪುಳಿಯಾ? ನಿನ್ನ ದೊಡ್ಡಮ್ಮನಿಗೆ..."

ಸ್ಟೀವನ್ ತನ್ನ ಕಾಲನ್ನು ತಾನೇ ಬಗ್ಗಿ ನೋಡಿಕೊಂಡ. ಗಂಟು ಸಡಿಲಿತ್ತು. ಇನ್ನೆರಡು ಸುತ್ತು ತುಳಿದು ನೋಡಿದ. ನೋವೇ ಇಲ್ಲ.

"ಇನ್ನೊಂದು ಬಾಟಲಿ ಕೊಡು" ಎಂದ ಸ್ಟೀವನ್.

ಆಮೇಲಿನದನ್ನು ನೋಡಬೇಕಿತ್ತು. ಸಮುದ್ರದ ಬದಿಯ ರಸ್ತೆಯಲ್ಲಿ ಎದುರುಗಾಳಿಗೆ ವಿಶಾಲ ಎದೆಕೊಟ್ಟು ತುಳಿದ, ಅವನ ನೆರಳಲ್ಲಿ ಸ್ಟೀವನ್. ಒಬ್ಬೊಬ್ಬರೇ ಹಿಂದೆ ಬಿದ್ದರು. ಕಾಪುವಿನ ದೀಪಸ್ತಂಭ ಕಾಣುವಾಗ ಇವರಿಬ್ಬರೇ ಮುಂದೆ. ಇನ್ನೊಂದು ತಿರುವು ಕಳೆದರೆ ಸ್ಟೀವನ್ ಗೆದ್ದ ಹಾಗೆ, ತನ್ನ ಕೆಲಸ ಉಳಿದ ಹಾಗೆ.

ಆ ತಿರುವಿನಲ್ಲಿ ಫ್ಲೆಕ್ಸು ನಿಂತಿತ್ತು. ಅದರ ಕೆಳಗೆ ಸುತ್ತಿಗೆ ಹಿಡಿದ ದೇಜಪ್ಪಣ್ಣ, ಮರದ ಚೌಕಟ್ಟಿಗೆ ಕೊನೆಯ ಮೊಳೆ ಹೊಡೆಯುತ್ತಿದ್ದರು. ಉಳಿದ ಮೊಳೆಗಳು ರಸ್ತೆಯ ಮೇಲೆ ಚೆಲ್ಲಿದ್ದವು.

ಟಪ್ ಎಂದಿತು. ಸ್ಟೀವನ್ನನ ಚಕ್ರ.

"ದೇಜಪ್ಪಣ್ಣ!" ಎಂದು ವಿಶಾಲ ಚೀರಿದ. ಕಾರಿನಲ್ಲಿ ಬೇರೆ ಸೈಕಲ್ ಇತ್ತು, ಆದರೆ ಕಾರು ಎಲ್ಲಿ ಗೋಳಿಬಜೆ ತಿನ್ನುತ್ತಿತ್ತೋ. ಯೋಚಿಸಲು ಸಮಯವಿರಲಿಲ್ಲ. ವಿಶಾಲ ಇಳಿದು ತನ್ನ ಸೈಕಲ್ಲನ್ನೇ ಕ್ಯಾಪ್ಟನ್ನಿಗೆ ಕೊಟ್ಟು, ಸೀಟು ಹಿಡಿದು ದೂಡಿದ. ಸ್ಟೀವನ್ ಬಾಣದಂತೆ ಹೋದ.

ಗಾಳಿ ಹೋದ ಸೈಕಲ್ ಹಿಡಿದು, ತನ್ನದೇ ದೊಡ್ಡ ಮುಖದ ಕೆಳಗೆ, ವಿಶಾಲ ಕಿವಿಗೊಟ್ಟು ನಿಂತ. ಸ್ವಲ್ಪದರಲ್ಲೇ ಬೀಚಿನ ಕಡೆಯ ಮೈಕು ಗರ್ಜಿಸಿತು.

"ಪ್ರಥಮ ಸ್ಥಾನ! ಅಲೆವೂರಿನ ವಿಶಾಲ್!"

ದೇಜಪ್ಪಣ್ಣ ಮೈಕಿನ ದಿಕ್ಕಿಗೆ ನೋಡಿದರು. ಫ್ಲೆಕ್ಸು ನೋಡಿದರು. ಪಕ್ಕದಲ್ಲಿ ನಿಂತ ವಿಶಾಲನನ್ನು ಮುಟ್ಟಿ ನೋಡಿದರು.

"ಗೆದ್ದದ್ದು ನೀನಾದರೆ ಇಲ್ಲಿ ನಿಂತದ್ದು ಯಾರು?"

ವಿಶಾಲನಿಗೂ ಒಂದು ಗಳಿಗೆ ಅದೇ ಸಂಶಯ. ಆಮೇಲೆ ಹೊಳೆಯಿತು. ಯಾರು ಗೆರೆ ದಾಟಿದರೆಂದು ಯಂತ್ರಕ್ಕೆ ತಿಳಿಸುವ ಎಲೆಕ್ಟ್ರಾನಿಕ್ ಚಿಪ್ಪು ಕಟ್ಟಿರುವುದು ಸೈಕಲ್ಲಿಗೆ. ಸವಾರ ಸ್ಟೀವನ್, ಸೈಕಲ್ ವಿಶಾಲನದ್ದು. "ಅದು ಹಾಗಲ್ಲ ದೇಜಪ್ಪಣ್ಣ, ಆ ಚಿಪ್ಪು..." ಎಂದು ಶುರು ಮಾಡಿದ.

"ಚಿಪ್ಪು ಗಿಪ್ಪು ಆಮೇಲೆ. ಗೆದ್ದವರ ಕಪ್ಪು ಬೇರೆಯವರಿಗೆ ಕೊಟ್ಟುಬಿಟ್ಟರೆ? ಹತ್ತು!"

ಸೈಕಲ್ಲನ್ನೂ ವಿಶಾಲನನ್ನೂ ಖಾಲಿ ಮೀನಿನ ಪೆಟ್ಟಿಗೆಗಳ ಮೇಲೆ ಎತ್ತಿ ಹಾಕಿ, ಹಾರನ್ ಒತ್ತಿ ಹಿಡಿದು, ದೇಜಪ್ಪಣ್ಣ ಟೆಂಪೋ ಬಿಟ್ಟರು. ಪೋಲೀಸರು ಸರಿದರು, ಹಗ್ಗ ಹರಿಯಿತು. ವಿಶಾಲ "ನಿಲ್ಲಿಸಿ, ನಿಲ್ಲಿಸಿ" ಎಂದು ಕೈ ಬೀಸಿದ. ಜನ ಅದನ್ನು ವಿಜಯದ ಕೈಬೀಸು ಎಂದು ತಿಳಿದು ಚಪ್ಪಾಳೆ ತಟ್ಟಿದರು. ಮೀನಿನ ಟೆಂಪೋ ಗುರಿಯ ಗೆರೆಯನ್ನು ದಾಟಿ, ತೀರ್ಪುಗಾರರ ಮೇಜಿಗೆ ಮೂಗು ತಾಗಿಸಿ ನಿಂತಿತು.

ತೀರ್ಪುಗಾರರು ಫೋಟೋ ನೋಡಿ ಹೆಸರು ಸರಿಪಡಿಸಿದರು. ಸ್ಟೀವನ್ ಪ್ರಥಮ. ವಿಶಾಲನಿಗೆ ಮಾತ್ರ, ವಾಹನದಲ್ಲಿ ಕೂತು ಗೆರೆ ದಾಟಿದ ಸವಾರನನ್ನು ತಮ್ಮ ಜನ್ಮದಲ್ಲೇ ಕಂಡಿಲ್ಲವೆಂದು ಒಂದು ವರ್ಷದ ನಿಷೇಧ ಹಾಕಿದರು.

ಅಷ್ಟರಲ್ಲಿ ತಂಡದ ಕಾರು ಬಂತು. ಮುಂದಿನ ಸೀಟಿನಿಂದ ಇಳಿದವರು ದೊಡ್ಡಮ್ಮ. ಮಗನ ರೇಸು ನೋಡದೆ ಕಾರು ಬಿಡಲಾರೆನೆಂದು ಹತ್ತಿ ಕೂತಿದ್ದರಂತೆ. ಜೆರ್ಟ್ರೂಡ್ ಮೇಡಂ ಹಿಂದಿನ ಸೀಟಿನಿಂದ, ಸೈಕಲ್ ಪಂಪುಗಳ ನಡುವಿನಿಂದ ಹೊರಬಂದರು.

"ಮೇಡಂ, ಸ್ಟೀವನ್ ಗೆದ್ದ" ಎಂದ ವಿಶಾಲ. ಅವನ ಕಣ್ಣಲ್ಲಿ ನೀರು ತುಂಬಿತ್ತು. "ಅವನನ್ನು ಗೆಲ್ಲಿಸಿದವರಿಗೆ ಜಾಗ ಎಂದು ನೀವೇ ಹೇಳಿದ್ದು."

"ಹೇಳಿದ್ದೇನೆ. ಆದರೆ ಒಂದು ವರ್ಷ ರೇಸಿಗೇ ಇಳಿಯುವ ಹಾಗಿಲ್ಲದವನನ್ನು ಇಟ್ಟುಕೊಂಡು ನಾನು ಎಂತ ಮಾಡಲಿ ಮಾರಾಯ?" ಎಂದ ಮೇಡಂ, ನ್ಯಾಯ ತಪ್ಪಬಾರದೆಂದು ಸ್ಟೀವನ್ನನ ಕಡೆ ತಿರುಗಿದರು. "ನೀನೇ ಹೇಳು. ಇವತ್ತು ನಿನ್ನನ್ನು ಗೆಲ್ಲಿಸಿದ್ದು ಯಾರು?"

ವಿಶಾಲ ಒಂದು ಹೆಜ್ಜೆ ಮುಂದೆ ಬಂದ. ಮುಂದೆ ತುಳಿದವನು ಅವನು, ನೀರು ತಂದವನು ಅವನು, ಸೈಕಲ್ ಕೊಟ್ಟವನೂ ಅವನೇ.

ಸ್ಟೀವನ್ ಖಾಲಿ ಬಾಟಲಿ ಎತ್ತಿ ಹಿಡಿದ. "ಇದನ್ನು ಮಾಡಿದವರು! ಎಲ್ಲಿದ್ದಾರೆ ವಿಶಾಲನ ದೊಡ್ಡಮ್ಮ?" ಎನ್ನುತ್ತಾ ಓಡಿ ಹೋಗಿ ನಳಿನಾಕ್ಷಿಯವರ ಕಾಲು ಮುಟ್ಟಿದ.

ಮೇಡಂ ಮಾತಿಗೆ ತಪ್ಪುವವರಲ್ಲ. ತಂಡದ ಪಾನೀಯಗಳನ್ನು ನೋಡಿಕೊಳ್ಳುವ ಹುದ್ದೆ, ಸಂಬಳ, ಊಟ, ಊರೂರಿಗೆ ಪ್ರಯಾಣ, ಎಲ್ಲವೂ ಅಲ್ಲಿಯೇ ತೀರ್ಮಾನವಾಯಿತು. ದೊಡ್ಡಮ್ಮನಿಗೆ ಏನಾಗುತ್ತಿದೆಯೆಂದು ಪೂರ್ತಿ ತಿಳಿಯಲಿಲ್ಲ. ಆದರೂ ದೊಡ್ಡವರು ಕೇಳುವಾಗ ಬೇಡ ಎನ್ನಬಾರದೆಂದು ಒಪ್ಪಿಕೊಂಡರು.

ಸಂಜೆ ಮನೆಗೆ ಬಂದು ಕನ್ನಡಕ ಹಾಕಿಕೊಂಡು ಅಡುಗೆಮನೆಗೆ ಹೋದ ದೊಡ್ಡಮ್ಮ ಅಲ್ಲೇ ನಿಂತುಬಿಟ್ಟರು. ಪುನರ್ಪುಳಿ ಶರಬತ್ತಿನ ತಪಲೆ, ಮೇಡಂ ಕುಡಿದ ಒಂದು ಲೋಟವನ್ನು ಬಿಟ್ಟರೆ, ಹಾಗೆಯೇ ತುಂಬಿತ್ತು. ಖಾಲಿಯಾಗಿದ್ದದ್ದು ಪಕ್ಕದ ತಪಲೆ. ಭರಣಿ ತೊಳೆಯಲೆಂದು ಬೆಳಿಗ್ಗೆ ಅದರಲ್ಲಿ ಅವರು ಬಗ್ಗಿಸಿಟ್ಟಿದ್ದದ್ದು ಮಾವಿನಕಾಯಿ ನೆನೆಹಾಕಿದ್ದ, ಒಂದು ವರ್ಷ ಹಳೆಯ ಉಪ್ಪುನೀರು.

"ಯಾರಿಗೂ ಹೇಳಬೇಡ ಮಗಾ" ಎಂದರು ಮೆಲ್ಲಗೆ. ಸ್ವಲ್ಪ ಯೋಚಿಸಿ, "ದೊಡ್ಡ ಭರಣಿಯಲ್ಲಿ ಇನ್ನೂ ಉಂಟು" ಎಂದರು.

ಹೊರಗೆ ಟೆಂಪೋದ ಹಾರನ್ ಕೇಳಿಸಿತು. ದೊಡ್ಡಮ್ಮನನ್ನು ಮಣಿಪಾಲದ ಹೋಟೆಲಿಗೆ, ತಂಡದ ಜೊತೆ ಬಿಟ್ಟುಬರಲು ದೇಜಪ್ಪಣ್ಣ ಬಂದಿದ್ದರು. ಫ್ಲೆಕ್ಸು ದಂಡವಾಗಬಾರದೆಂದು ಅದರಲ್ಲಿ ವಿಶಾಲನ ಮುಖದ ಮೇಲೆ ದೊಡ್ಡಮ್ಮನ ಫೋಟೋ ಅಂಟಿಸಿಯೂ ಆಗಿತ್ತು. ಅದರಲ್ಲಿ ಹೆಸರು ಇರದ ಕಾರಣ ಅಕ್ಷರ ಬದಲಿಸುವುದು ಬೇಕಾಗಿರಲಿಲ್ಲ.

"ನಿನಗೆ ಹೇಗೂ ಈಗ ಕೆಲಸ ಇಲ್ಲವಲ್ಲ" ಎಂದರು ದೊಡ್ಡಮ್ಮ, ಹೊಸ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತಾ. "ಆ ಭರಣಿಯನ್ನು ಟೆಂಪೋದಲ್ಲಿ ಇಡು."

ವಿಶಾಲ ಭರಣಿಯನ್ನು ತಬ್ಬಿ ಎತ್ತಿ, ಮೆಟ್ಟಿಲು ಇಳಿಯತೊಡಗಿದ. ಒಳಗೆ ಉಪ್ಪುನೀರು ತುಳುಕಿತು.

"ನಿಧಾನ ಮಗಾ, ಚೆಲ್ಲಬೇಡ" ಎಂದರು ದೊಡ್ಡಮ್ಮ ಹಿಂದಿನಿಂದ. "ನೀರು ತರುವುದೆಂದರೆ ಸಣ್ಣ ಮಕ್ಕಳ ಕೆಲಸ ಅಲ್ಲ."