ಎರಡನೇ ಬ್ರೇಕು

ಡ್ರೈವಿಂಗ್ ಮಾಸ್ತರರಿಗೆ ಇದ್ದ ದುಃಖ ಒಂದೇ. ಊರಿನ ಅರ್ಧ ಜನ ತಮ್ಮನ್ನು ನಂಬಿ ಗಾಡಿ ಕಲಿತಿದ್ದಾರೆ, ಕಟ್ಟಿಕೊಂಡ ಹೆಂಡತಿ ಮಾತ್ರ ನಂಬುವುದಿಲ್ಲ.

ಇಪ್ಪತ್ತೆರಡು ವರ್ಷದಲ್ಲಿ ಅವರ ಕಾರು ಒಂದು ಗೋಡೆಯನ್ನೂ ಮುಟ್ಟಿರಲಿಲ್ಲ. ಅದಕ್ಕೆ ಕಾರಣ ಶಿಷ್ಯರಲ್ಲ, ಪಕ್ಕದ ಸೀಟಿನಲ್ಲಿ ಮಾಸ್ತರರ ಕಾಲ ಕೆಳಗಿದ್ದ ಎರಡನೇ ಬ್ರೇಕು. ಶಿಷ್ಯ ತೀರ ಅಂಜುಬುರುಕನಾದರೆ, ಹೆದರಬೇಡ, ಬ್ರೇಕಿನ ಮೇಲೆ ನನ್ನ ಕಾಲಿದೆ ಎಂದು ಹೇಳಿ ಕಾಲನ್ನು ಮೆಲ್ಲಗೆ ತೆಗೆದುಬಿಡುತ್ತಿದ್ದರು. ಅವನು ಧೈರ್ಯವಾಗಿ ಓಡಿಸಿಕೊಂಡು ಹೋಗುತ್ತಿದ್ದ. ಈ ಕಥೆಯನ್ನು ಅವರು ಮನೆಯಲ್ಲಿ ವಾರಕ್ಕೆ ಮೂರು ಸಲ ಹೇಳುತ್ತಿದ್ದರು. ಹೆಂಡತಿ ಮೂರು ಸಲವೂ ಪೂರ್ತಿ ಕೇಳುತ್ತಿದ್ದಳು.

ಆ ಹೆಂಡತಿಯ ಬಲಗೈ ಈಗ ಪ್ಲಾಸ್ಟರಿನಲ್ಲಿತ್ತು. ಗೋಡೆ ಗಡಿಯಾರ ನಿಂತು ಮೂರು ವಾರವಾಗಿತ್ತು. ಮಾಸ್ತರರು ದಿನವೂ ಸೆಲ್ ತರುವುದನ್ನು ತಪ್ಪದೆ ಮರೆಯುತ್ತಿದ್ದರು. ಕೊನೆಗೆ ಅದನ್ನು ಇಳಿಸಲು ಸ್ಟೂಲ್ ಹತ್ತಿದ ಅವಳು ತಾನೂ ಇಳಿದಳು, ಸ್ವಲ್ಪ ಬೇಗ. ಗಡಿಯಾರಕ್ಕೆ ಏನೂ ಆಗಲಿಲ್ಲ. ಅದು ಕಂಪ್ಯೂಟರಿನ ಪಕ್ಕದಲ್ಲಿ ಗೋಡೆಗೆ ಒರಗಿ ಕೂತಿತ್ತು.

ಹೊಲಿಗೆ ತರಬೇತಿ ಶಾಲೆಗೆ ಶಿಕ್ಷಕಿ ಬೇಕೆಂಬ ಕರೆ ಒಂಬತ್ತು ವರ್ಷ ಕಾದ ಮೇಲೆ ಬಂದಿತ್ತು. ಅರ್ಜಿಯನ್ನು ಕಂಪ್ಯೂಟರಿನಲ್ಲೇ ತುಂಬಬೇಕು. ಇವತ್ತೇ ಕಡೆಯ ದಿನ, ಮಧ್ಯಾಹ್ನ ಹನ್ನೆರಡೇ ಕಡೆಯ ಗಳಿಗೆ. ತಾವೇ ತುಂಬಿಕೊಡುವುದಾಗಿ ಮಾಸ್ತರರು ಹೇಳಿದರು. ಅವಳು ಬೇಡವೆಂದಳು. (ಹಿಂದೊಮ್ಮೆ ಅವರು ತುಂಬಿದ ಅರ್ಜಿಯ ಪ್ರಕಾರ ಅವಳು ಗಂಡಸು, ಲಾರಿ ಓಡಿಸಲು ಬಲ್ಲವಳು.) ಎಡಗೈಯಲ್ಲಿ ಆ ವೈರಿಲ್ಲದ ಮೌಸ್ ಹಿಡಿದರೆ ಪರದೆಯ ಮೇಲಿನ ಬಾಣ ಅಮಲೇರಿದವನಂತೆ ಓಲಾಡುತ್ತಿತ್ತು. ಕೀಲಿಮಣೆಯ ಬಲತುದಿಯ ಅಂಕಿಗಳಿಂದಲೇ ಬಾಣ ನಡೆಸುವ ಏರ್ಪಾಡು ಇದೆಯೆಂದು ಅವಳ ತಂಗಿ ಫೋನಿನಲ್ಲಿ ಹೇಳಿಕೊಟ್ಟಳು. ನಾಲ್ಕು ಒತ್ತಿದರೆ ಎಡಕ್ಕೆ, ಆರು ಬಲಕ್ಕೆ, ಎಂಟು ಮೇಲಕ್ಕೆ, ಎರಡು ಕೆಳಕ್ಕೆ, ಐದು ಒತ್ತಿದರೆ ಕ್ಲಿಕ್. ವೇಗ ಎಷ್ಟಿರಬೇಕೆಂದು ನಾವೇ ಗೊತ್ತುಮಾಡಿಕೊಳ್ಳಬೇಕು.

ವೇಗ ಎಂಬ ಮಾತು ಕಿವಿಗೆ ಬಿದ್ದದ್ದೇ ಮಾಸ್ತರರು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ವೇಗವನ್ನು ಅತಿ ಕಡಿಮೆಗೆ ಇಳಿಸಿದರು.

"ಇದು ನಡೀತಿದೆಯೋ ನಿಂತಿದೆಯೋ ಗೊತ್ತಾಗ್ತಿಲ್ವಲ್ರೀ."

"ಮೊದಲನೇ ದಿನ ಎಲ್ರಿಗೂ ಫಸ್ಟ್ ಗೇರೇ ಕಣೇ."

ಎಡದಿಂದ ಹೊರಟ ಬಾಣ ಬಲಕ್ಕೆ ಮುಟ್ಟುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು. ನಡುವೆ ದೇವರ ನಾಮ ಹೇಳಿಕೊಳ್ಳಲು ಅವಳಿಗೆ ಒಳ್ಳೆಯ ಬಿಡುವು ಸಿಕ್ಕಿತು. ಅರ್ಧ ಗಂಟೆಯಲ್ಲಿ ಅವಳ ಹೆಸರು, ಹುಟ್ಟಿದ ದಿನ ಮುಗಿದವು. ಚೌಕಾಸಿಯಾದ ಮೇಲೆ ಮಾಸ್ತರರು ವೇಗವನ್ನು ನಡುಮಟ್ಟಕ್ಕೆ ಏರಿಸಲು ಒಪ್ಪಿದರು, ಒಂದು ಷರತ್ತಿನ ಮೇಲೆ. ಮೌಸ್ ತಮ್ಮ ಕೈಯಲ್ಲಿರಬೇಕು. ಎರಡನೇ ಬ್ರೇಕು.

ಹನ್ನೊಂದೂ ಇಪ್ಪತ್ತಕ್ಕೆ ಅರ್ಜಿ ತುಂಬಿತು. ಬಾಣ 'ಸಲ್ಲಿಸು' ಗುಂಡಿಯ ಕಡೆ ಹೊರಟಿತು. ಅದರ ಓಟ ಮಾಸ್ತರರಿಗೆ ಸರಿಬರಲಿಲ್ಲ. ನಿಧಾನ, ನಿಧಾನ ಎನ್ನುತ್ತಾ ಮೌಸನ್ನು ಹಿಂದಕ್ಕೆಳೆದು ಒತ್ತಿಹಿಡಿದರು. ಬಾಣ ಪಕ್ಕದ 'ಅಳಿಸು' ಗುಂಡಿಯ ಮೇಲೆ ನಿಂತು ಕೆಲಸ ಮುಗಿಸಿತು. ಅರ್ಜಿ ಈಗಷ್ಟೇ ಥಾನಿನಿಂದ ಕತ್ತರಿಸಿದ ಬಟ್ಟೆಯಷ್ಟು ಖಾಲಿಯಾಯಿತು.

ಎರಡು ಗುಂಡಿಗಳನ್ನು ಅಷ್ಟು ಹತ್ತಿರ ಇಟ್ಟವರದೇ ತಪ್ಪು ಎಂದು ಮಾಸ್ತರರು ವಿಚಾರಣೆ ಮುಗಿಸಿದರು. ಹೆಂಡತಿ ಬೈಯಲಿಲ್ಲ. ಕುಡಿಯಲು ಒಂದು ಲೋಟ ನೀರು ಕೇಳಿದಳು, ಅಷ್ಟೇ.

ಅವರು ನೀರು ತರುವಷ್ಟರಲ್ಲಿ ಗಡಿಯಾರ ಹನ್ನೊಂದೂ ಇಪ್ಪತ್ತೈದು ತೋರಿಸುತ್ತಿತ್ತು. ಉಳಿದಿರುವುದು ಮೂವತ್ತೈದೇ ನಿಮಿಷ. ನಾನು ಮೌಸ್ ಬಿಟ್ಟುಬಿಡಲೇ ಎಂದು ಸಣ್ಣ ದನಿಯಲ್ಲಿ ಕೇಳಿದರು.

"ಬೇಡ, ಹಿಡ್ಕೊಂಡೇ ಇರಿ. ನೀವು ಪಕ್ಕದಲ್ಲಿದ್ರೆ ನನಗೆ ಧೈರ್ಯ."

ಮದುವೆಯಾದಂದಿನಿಂದ ಮಾಸ್ತರರು ಕೇಳದ ಮಾತು ಇದು. ಮತ್ತೆ ಕೈ ತಪ್ಪಬಾರದೆಂದು ಮೌಸನ್ನು ಎರಡೂ ಕೈಯಲ್ಲಿ ಹಿಡಿದರು. ಅವರು ಬ್ರೇಕ್ ಎಂದಾಗಲೆಲ್ಲ ಬಾಣ ಗಕ್ಕನೆ ನಿಂತಿತು, ಬಿಡು ಎಂದಾಗ ಹೊರಟಿತು. ಇಷ್ಟು ವಿಧೇಯ ವಾಹನ ಅವರ ವೃತ್ತಿಯಲ್ಲೇ ಸಿಕ್ಕಿರಲಿಲ್ಲ. ಹನ್ನೆರಡಕ್ಕೆ ಎರಡು ನಿಮಿಷವಿದ್ದಾಗ 'ನಿಮ್ಮ ಅರ್ಜಿ ತಲುಪಿದೆ' ಎಂದು ಪರದೆಯ ಮೇಲೆ ಬಂತು.

ತಂಗಿಗೆ ಫೋನ್ ಮಾಡಿದವರು ಮಾಸ್ತರರೇ. ಹನ್ನೊಂದು ಸಲ ಬ್ರೇಕ್ ಹಾಕಿ ಅಕ್ಕನನ್ನು ದಡ ಸೇರಿಸಿದ್ದನ್ನು ಒಂದೊಂದು ತಿರುವಿನ ಸಮೇತ ವರ್ಣಿಸಿದರು. ಆಮೇಲೆ ಸುದ್ದಿ ನೋಡೋಣವೆಂದು ಮೌಸ್ ಸರಿಸಿದರು. ಬಾಣ ಅಲುಗಲಿಲ್ಲ. ಕುಟ್ಟಿದರು, ಅಲುಗಲಿಲ್ಲ. ಬೋರಲು ಹಾಕಿ ಮುಚ್ಚಳ ತೆಗೆದರು. ಸೆಲ್ ಇರಬೇಕಾದ ಜಾಗ ಖಾಲಿ.

ಪಕ್ಕದಲ್ಲಿ ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು.

"ಹಂಗಾದ್ರೆ ನಾನು ಬ್ರೇಕ್ ಅಂದಾಗ ನಿಲ್ತಿತ್ತಲ್ಲಾ?"

"ನಾನು ಬೆರಳೆತ್ತಿದ್ರೆ ಅದು ನಿಲ್ಲತ್ತೆ ರೀ" ಎಂದಳು ಹೆಂಡತಿ. "ಪಕ್ಕದಲ್ಲಿರೋರಿಗೆ ಹೆದರಿಕೆ ಆಗ್ಬಾರ್ದು ನೋಡಿ. ಬ್ರೇಕ್ ಇದೆ ಅಂತ ನಂಬಿದ್ರೆ ಸಾಕು ಅಂತ ವಾರಕ್ಕೆ ಮೂರು ಸಲ ಕೇಳಿದೀನಿ."

ಮಾಸ್ತರರು ಚಪ್ಪಲಿ ಮೆಟ್ಟಿ ಸೆಲ್ ತರಲು ಹೊರಟರು. ಈ ಸಲ ಮರೆಯಲಿಲ್ಲ.