ಪಂಚಮಕ್ಕೆ ಏರಿದ ದೋಣಿ

ಸಡಿಲವಾದದ್ದು ಕಂಡರೆ ಬಿಗಿಮಾಡಬೇಕೆನ್ನುವ ಚಟ ನನಗೆ ಚಿಕ್ಕಂದಿನಿಂದಲೂ ಇದೆ. ಮಂಚದ ನವಾರು, ಬಾಗಿಲ ಚಿಲಕ, ಕಂಡವರ ಮನೆಯ ಕುರ್ಚಿ, ಯಾವುದನ್ನೂ ಬಿಟ್ಟವನಲ್ಲ. ಇಂಥವನ ಕೈಗೆ ಒಂದು ಹಾಯಿದೋಣಿ ಸಿಕ್ಕಿದ್ದು ಪೂರ್ವಜನ್ಮದ ಪಾಪವೇ ಇರಬೇಕು. ಸ್ವಾತಂತ್ರ್ಯ ಬಂದ ಮೇಲೆ ಗಂಟುಮೂಟೆ ಕಟ್ಟಿದ ದೊರೆಯೊಬ್ಬ ಅದನ್ನು ನನ್ನ ತಲೆಗೆ ಕಟ್ಟಿ ಹಡಗು ಹತ್ತಿದ. ಇಬ್ಬರು ಕಾಲು ಮಡಿಸಿ ಮಲಗುವಷ್ಟು ಗೂಡು, ನಡುವೆ ಒಂದು ಕಂಬ, ಕಂಬವನ್ನು ಎರಡು ಪಕ್ಕದಿಂದಲೂ ಎಳೆದು ಹಿಡಿಯಲು ಉಕ್ಕಿನ ತಂತಿ. ಸಮುದ್ರವಿಲ್ಲದ ಮೈಸೂರಿನವನು ಅದನ್ನು ಕನ್ನಂಬಾಡಿಯ ಹಿನ್ನೀರಿನಲ್ಲಿ ಕಟ್ಟಿಹಾಕಿ, ಆಫೀಸಿನಲ್ಲಿ ಮೀಸೆ ತಿರುವುತ್ತಿದ್ದೆ.

ತೊಂದರೆ ತಂತಿಗಳದ್ದು. ಅವು ಜೋಲುಬಿದ್ದು, ಗಾಳಿ ಬಂದರೆ ಕಂಬ ನಮ್ಮ ಹೆಡ್ ಗುಮಾಸ್ತರು ತೂಕಡಿಸಿದ ಹಾಗೆ ಅತ್ತಿತ್ತ ವಾಲುತ್ತಿತ್ತು. ಹೆಂಡತಿ ಶಾರದೆ ಕಡ್ಡಿ ತುಂಡುಮಾಡಿದಂತೆ ಹೇಳಿದಳು: "ಭಾನುವಾರ ನಮ್ಮಪ್ಪ ಬರ್ತಾರೆ. ಅವರೆದುರು ಕಂಬ ನೆಟ್ಟಗೆ ನಿಂತ್ರೆ ದೋಣಿ ಇಟ್ಕೊಳ್ಳಿ. ಇಲ್ದಿದ್ರೆ ಮಾರ್ಬುಡಿ."

ಮಂಡಿ ಮೊಹಲ್ಲಾದಲ್ಲಿ ಲೇತು ಇಟ್ಟಿದ್ದ ಸಾಹೇಬರೊಬ್ಬರ ಮೊರೆಹೋದೆ. ಅವರು ಪ್ರತಿ ತಂತಿಯ ಬುಡಕ್ಕೂ ಒಂದೊಂದು ಹಿತ್ತಾಳೆ ತಿರುಪು ಮಾಡಿಕೊಟ್ಟರು. ಒಂದು ತುದಿಗೆ ಬಲಸುತ್ತು, ಇನ್ನೊಂದಕ್ಕೆ ಎಡಸುತ್ತು. ನಡುವಿನ ಚೌಕಟ್ಟನ್ನು ತಿರುಗಿಸಿದರೆ ಎರಡೂ ಕೊಕ್ಕೆ ಒಳಕ್ಕೆ ಸರಿದು ತಂತಿ ಬಿಗಿಯುತ್ತದೆ. "ಎರಡು ಕಡೆನೂ ಸಮ ಇರ್ಬೇಕು ಸ್ವಾಮಿ. ಕಂಡೋರ ಕೈಗೆ ಮಾತ್ರ ಕೊಡ್ಬೇಡಿ" ಎಂದರು. ಶನಿವಾರ ನಾನೇ ಕೂಡಿಸಿ, ತೂಗುಗುಂಡು ಬಿಟ್ಟು ನೋಡಿದೆ. ಕಂಬ ಕೂದಲೆಳೆಯಷ್ಟೂ ವಾಲಿರಲಿಲ್ಲ.

ಭಾನುವಾರ ಮಾವನವರು ಬಂದರು. ಅವರು ವೈಣಿಕರು, ಅಳಿಯನೆಂದರೆ ತಾಳ ತಪ್ಪಿದವನೆಂದೇ ಅವರ ಎಣಿಕೆ. ದೋಣಿ ಹತ್ತಿದವರೇ ಬಲದ ತಂತಿಯನ್ನು ಬೆರಳಿನಿಂದ ಮೀಟಿದರು. ಝಂಯ್ ಎಂದಿತು. ಎಡದ್ದನ್ನು ಮೀಟಿದರು. ಅದೂ ಹಾಗೇ ಎಂದಿತು. "ಎರಡೂ ಷಡ್ಜವೇ ಅಲ್ವೇನ್ರೀ ಅಳಿಯಂದ್ರೇ! ಒಂದು ಪಂಚಮ ಬೇಡ್ವೇ?" ಎಂದು ಮುಖ ಹುಳ್ಳಗೆ ಮಾಡಿ ತಿರುಪಿಗೆ ಕೈಹಾಕಿದರು. ಮದುವೆಯಾದಾಗಿನಿಂದ ನನ್ನ ಯಾವ ವಸ್ತುವನ್ನೂ ಮೂಸಿ ನೋಡದವರು! ನಾನು ಉಬ್ಬಿಹೋದೆ. ಎಡದ್ದನ್ನು ಬಿಗಿದರು, ಕಂಬ ಎಳೆದದ್ದಕ್ಕೆ ಬಲದ್ದೂ ಬಿಗಿದು ಸ್ವರ ಏರಿತು. "ಎಲಾ ಇದರ ಹಠವೇ!" ಎಂದು ಬಲದ್ದನ್ನು ಸಡಿಲಿಸಿ ಎಡದ್ದನ್ನು ಮತ್ತೆ ಬಿಗಿದರು. ಸುತ್ತಿಗೊಮ್ಮೆ ಮೀಟಿ, ಕಣ್ಣುಮುಚ್ಚಿ, ತಲೆಯಾಡಿಸಿ, ಅರ್ಧ ಗಂಟೆ ಶ್ರುತಿ ಕೂಡಿಸಿದರು. ಕಣ್ಣು ಮುಚ್ಚಿದ್ದರಿಂದ ಕಂಬ ಎಡಕ್ಕೆ ವಾಲಿ ನೀರಿನಲ್ಲಿ ಮುಖ ನೋಡಿಕೊಳ್ಳುತ್ತಿದ್ದುದು ಅವರಿಗೆ ಕಾಣಲಿಲ್ಲ.

ದಡದಲ್ಲಿದ್ದ ಶಾರದೆಗೆ ಕಂಡಿತು. ಸೆರಗು ಬಾಯಿಗೆ ಅಡ್ಡ ಹಿಡಿದು ನನ್ನನ್ನು ಹತ್ತಿರ ಕರೆದಳು. "ಬೆಳಿಗ್ಗೆ ಬಂದಾಗ ನೆಟ್ಟಗಿತ್ತು, ನಾನೂ ನೋಡ್ದೆ ಕಣ್ರೀ. ನೀವು ಮಾಡಿದ್ದೇ ಸರಿ ಅಂತ ಅಪ್ಪಂಗೆ ಒಂದು ಮಾತು ಹೇಳ್ಬುಡಿ, ದೋಣಿ ನಿಮ್ಮದೇ." ಇಷ್ಟು ಸುಲಭದ ಷರತ್ತು! ಎದೆ ಸೆಟೆಸಿಕೊಂಡು ಮಾವನವರ ಮುಂದೆ ಹೋಗಿ ನಿಂತು ಗಂಟಲು ಸರಿಮಾಡಿಕೊಂಡೆ. ಅವರು ಕಣ್ಣು ತೆರೆದು, "ಏನ್ರೀ?" ಎಂದರು.

"ಏನಿಲ್ಲ ಮಾವ," ಎಂದೆ, "ಪಂಚಮ ಇನ್ನೂ ಒಂಚೂರು ಏರಬೇಕೇನೋ ಅಂತ."

ದೋಣಿ ಆ ತಿಂಗಳೇ ಮಾರಾಟವಾಯಿತು. ತಿರುಪುಗಳನ್ನು ಮಾತ್ರ ಉಳಿಸಿಕೊಂಡೆ. ಬಟ್ಟೆ ಒಣಹಾಕುವ ನಮ್ಮ ಹಿತ್ತಲಿನ ತಂತಿ ಈಗ ಇಡೀ ಬೀದಿಯಲ್ಲೇ ಬಿಗಿಯಾದದ್ದು. ಮಾವನವರು ಬರುವ ದಿನ ಮಾತ್ರ ಒಗೆದದ್ದು, ಒಗೆಯದ್ದು ಎಲ್ಲವನ್ನೂ ಹರವಿ ಅದನ್ನು ಮುಚ್ಚಿಡುತ್ತೇನೆ.