ಚಿಕ್ಕಪ್ಪ ಕೆತ್ತಿದ ಗೊಂಬೆ ಹಬ್ಬ

ನಮ್ಮ ಚಿಕ್ಕಪ್ಪ ಜಪಾನ್ ನೋಡಿಲ್ಲ, ಜಪಾನೂ ಚಿಕ್ಕಪ್ಪನನ್ನು ನೋಡಿಲ್ಲ. ಜಪಾನಿನ ಪುಣ್ಯ ಅನ್ನಿ!

ಎಲ್ಲ ಶುರುವಾದದ್ದು ಹ್ಯೂಸ್ಟನ್ನಿನ ಒಂದು ಮ್ಯೂಸಿಯಮ್ಮಿನಲ್ಲಿ. ಮರದ ಹಲಗೆಯಲ್ಲಿ ಕೆತ್ತಿ, ಬಣ್ಣ ಬಳಿದು, ಕಾಗದಕ್ಕೆ ಒತ್ತಿದ ಜಪಾನೀ ಚಿತ್ರಗಳು. ಒಂದರಲ್ಲಿ ಹೆಣ್ಣುಮಕ್ಕಳ ಹಬ್ಬ. ಕೆಂಪು ಬಟ್ಟೆ ಹಾಸಿದ ಮೆಟ್ಟಿಲು, ಮೇಲೆ ರಾಜ-ರಾಣಿ ಗೊಂಬೆ. "ಲೇ, ಪಟ್ಟದ ಗೊಂಬೆ ಕಣೇ!" ಎಂದು ಚಿಕ್ಕಪ್ಪ ಚಿಕ್ಕಮ್ಮನನ್ನು ಕೂಗಿದ್ದಕ್ಕೆ ಕಾವಲಿನವನು ಓಡಿಬಂದ. ಅವನನ್ನೂ ಬಿಡಲಿಲ್ಲ, ನಿಲ್ಲಿಸಿಕೊಂಡು ಮೈಸೂರು ದಸರಾ ಪೂರ್ತಿ ವಿವರಿಸಿದರು.

ಆಮೇಲೆ ಅಲೆನ್ ಊರಿನ ಅವರ ಮನೆಯ ಗೋಡೆಗಳೆಲ್ಲ ಅಂಥ ಚಿತ್ರಗಳಿಂದ ತುಂಬಿ ಜಪಾನ್ ಆದವು. ಬಚ್ಚಲೂ ಸೇರಿ! "ರೀ, ಸ್ನಾನ ಮಾಡೋವಾಗ ಆ ರಾಣಿ ನನ್ನನ್ನೇ ನೋಡ್ತಾಳೆ" ಎಂದು ಚಿಕ್ಕಮ್ಮ ಗೊಣಗಿದರೆ, "ಅವಳೂ ಹೆಂಗಸೇ ಅಲ್ವೇನೇ?" ಎಂಬ ಉತ್ತರ.

ಹೋದ ವರ್ಷ ಚಿಕ್ಕಮ್ಮನಿಗೆ ಸ್ಟ್ರೋಕ್ ಆಗಿ ಬಲಗೈ ಸ್ವಾಧೀನ ತಪ್ಪಿತು. ನವರಾತ್ರಿ ಹತ್ತಿರ ಬಂದಾಗ, "ಈ ಸಲ ಗೊಂಬೆ ಬೇಡ. ಬಂದೋರಿಗೆ ಎಡಗೈಲಿ ಕುಂಕುಮ ಕೊಡ್ಲಾ?" ಎಂದುಬಿಟ್ಟರು. ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪದ ಹಬ್ಬ.

"ಗೊಂಬೆ ಬೇಡ ಅಂದ್ರೆ ಬೇಡ. ನಾನು ಜಪಾನಿನವರ ಥರ ಹಬ್ಬಾನೇ ಕೆತ್ತಿಬಿಡ್ತೀನಿ!" ಎಂದು ಚಿಕ್ಕಪ್ಪ ಗರಾಜು ಸೇರಿದರು. ಮೊದಲ ಬಲಿ ಚಪಾತಿ ಮಣೆ. ಬಣ್ಣ ಬಳಿದ ಹಲಗೆಯ ಮೇಲೆ ಕಾಗದವಿಟ್ಟು ಉಜ್ಜಲು ಸಾರಿನ ಸೌಟು. ಅಂಗೈಗೆ ಹತ್ತಿದ ನೀಲಿ ಹೋಗಲೇ ಇಲ್ಲ. ಎಲ್ಲರೂ ಒಂದೊಂದು ಅಡಿಗೆ ತರುವ ಪಾಟ್‌ಲಕ್ಕಿನಲ್ಲಿ ಅವರು ಬಡಿಸಿದ ಚಿತ್ರಾನ್ನ ತಿನ್ನಲು ಜನ ಹಿಂದೆಮುಂದೆ ನೋಡಿದರು!

ಹಬ್ಬದ ದಿನ ಪಕ್ಕದ ಊರು ಮೆಕಿನ್ನಿಯಿಂದ ನಾನೂ, ಅವರ ನೆರೆಹೊರೆಯ ನಾಲ್ಕೈದು ಹೆಂಗಸರೂ ಚಿತ್ರ ನೋಡಲು ಹೋದೆವು. ಚಿಕ್ಕಪ್ಪ ಚಿತ್ರದ ಮೇಲಿನ ಟವೆಲ್ ತೆಗೆದರು. ಮೆಟ್ಟಿಲು, ಪಟ್ಟದ ಗೊಂಬೆ, ಪಕ್ಕದಲ್ಲಿ ಸಾಲಾಗಿ ನಿಂತವರಿಗೆ ಕುಂಕುಮ ಇಡುತ್ತಿರುವ ಚಿಕ್ಕಮ್ಮ. ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು.

"ಅಂಕಲ್, ಇಲ್ಲಿ ಕುಂಕುಮ ಲೆಫ್ಟ್ ಹ್ಯಾಂಡಲ್ಲಿ ಇಡ್ತಾರಾ?" ಎಂದಳು ಪಕ್ಕದ ಮನೆಯವಳು.

ಹಲಗೆಯಲ್ಲಿ ಬಲಕ್ಕೆ ಕೆತ್ತಿದ್ದು ಕಾಗದದ ಮೇಲೆ ಎಡಕ್ಕೆ ಬರುತ್ತದೆ. ಇಡೀ ಜೀವನ ಇಂಜಿನಿಯರ್ ಆಗಿದ್ದ ಮಹಾನುಭಾವರು ಅದನ್ನೇ ಮರೆತಿದ್ದರು! "ಅಯ್ಯೋ, ತಿರುಗಿಸಿ ಕೆತ್ಬೇಕಿತ್ತು!" ಎಂದು ತಲೆ ಮೇಲೆ ಕೈ ಹೊತ್ತರು. ಎಲ್ಲರೂ ನಕ್ಕೆವು, ಎಲ್ಲರಿಗಿಂತ ಜೋರಾಗಿ ನಾನು. ಚಿಕ್ಕಮ್ಮನ ಬಾಡಿದ ಮುಖ ಕಂಡದ್ದೇ ನನ್ನ ನಗು ನಿಂತಿತು. ಚಿಕ್ಕಪ್ಪನೂ ಅದನ್ನು ಕಂಡು, ಚಿತ್ರ ಇಳಿಸಲು ಹೋದರು.

"ತೆಗೀಬೇಡಿ" ಎಂದರು ಚಿಕ್ಕಮ್ಮ.

ಹತ್ತಿರ ಹೋಗಿ ಬಹಳ ಹೊತ್ತು ನೋಡಿದರು. ಚಿತ್ರದ ಹೆಂಗಸರು ಎಡಗೈಗೇ ಹಣೆಯೊಡ್ಡಿ ನಗುತ್ತಿದ್ದರು. ಚಿಕ್ಕಮ್ಮ ದೇವರ ಮುಂದಿದ್ದ ಕುಂಕುಮದ ಬಟ್ಟಲಿಗೆ ಎಡಗೈ ಬೆರಳು ಅದ್ದಿ, "ಬಾರೇ" ಎಂದು ನನ್ನನ್ನು ಕರೆದರು. ಅಭ್ಯಾಸವಿಲ್ಲದ ಬೆರಳು ಜಾರಿ ಕುಂಕುಮ ಹುಬ್ಬಿನ ಮೇಲೆ ಬಿತ್ತು. ನನಗೆ ಅಳು ತಡೆಯಲಾಗಲಿಲ್ಲ. ನನ್ನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಬಂದು ನಿಂತರು.

ಚಿಕ್ಕಪ್ಪ ಮಾತ್ರ ಗೋಡೆಯ ಕಡೆಯೇ ಮುಖ ಮಾಡಿ ಕಣ್ಣೊರೆಸಿಕೊಳ್ಳುತ್ತಿದ್ದರು.

"ಸಾಕು ಬನ್ರೀ, ತಾಂಬೂಲ ಎಲ್ಲಿ? ಜನ ಕಾಯ್ತಿದ್ದಾರೆ" ಎಂದರು ಚಿಕ್ಕಮ್ಮ.

ಹಬ್ಬವೇ ಇಲ್ಲವೆಂದು ಎಲೆ-ಅಡಿಕೆ ತಂದಿರಲಿಲ್ಲ. ಚಿಕ್ಕಪ್ಪ ಬರಿಗಾಲಿನಲ್ಲೇ ಕಾರಿನ ಕಡೆ ಓಡಿದರು.